ಹಾಳೆಗೆ ಅಂಟಿಸಿದ ಹುಲ್ಲು

ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಮಠವಿತ್ತು. ಮಠದ ಹಿಂದೆ ಗುಡ್ಡ, ಗುಡ್ಡದ ಬುಡದಲ್ಲಿ ಒಂದು ಒರತೆ. ಮಠದವರು ಕುಡಿಯುತ್ತಿದ್ದುದು ಆ ಒರತೆಯ ನೀರನ್ನೇ.

ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಎಂದು ಕರೆಯುತ್ತಿದ್ದರು. ಅವರ ಹತ್ತಿರ ಒಂದು ದಪ್ಪ ಹಾಳೆ ಇತ್ತು. ಅವರ ಗುರುಗಳು ಆ ಗುಡ್ಡದ ಹುಲ್ಲೊಂದನ್ನು ಬೇರು ಸಹಿತ ತೆಗೆದು, ಒತ್ತಿ ಒಣಗಿಸಿ, ಆ ಹಾಳೆಗೆ ಅಂಟಿಸಿದ್ದರು. ಅದು ನೆಲದ ಮೇಲೆ ಹಬ್ಬುವ ಹುಲ್ಲಲ್ಲ, ಬುಡದಿಂದ ಕಂತೆಯಾಗಿ ಏಳುವಂಥದು. ಅದರ ಬೇರು ಮಳೆನೀರನ್ನು ಗುಡ್ಡದೊಳಗೆ ಇಳಿಸುತ್ತದೆ, ಅದಿರುವ ತನಕ ಒರತೆ ಬತ್ತುವುದಿಲ್ಲ ಎಂದು ಅವರು ಹೇಳಿಹೋಗಿದ್ದರು.

ಆ ವರ್ಷ ಭಕ್ತರು ಗುಡ್ಡದ ಇಳಿಜಾರಿನಲ್ಲಿ ಊಟದ ಮನೆ ಕಟ್ಟಿಸಲು ಮುಂದೆ ಬಂದರು. ಅಜ್ಜಾರು ಶಿಷ್ಯ ರೇವಯ್ಯನನ್ನು ಕರೆದು ಹಾಳೆ ಕೊಟ್ಟರು.

"ಈ ಹುಲ್ಲು ಅಲ್ಲಿ ಇನ್ನೂ ಇದ್ರ ಅಗಿಯೂದು ಬ್ಯಾಡ. ಇಲ್ಲಂದ್ರ ಅಗೀಲಿ. ನೋಡಿ ಬಾ."

"ಇದು ನನಗ ಬಾಯಿಪಾಠ ಐತ್ರಿ," ಎಂದ ರೇವಯ್ಯ. ಅದು ನಿಜವೇ ಆಗಿತ್ತು. ಹಾಳೆಯಲ್ಲಿದ್ದುದನ್ನು ಅವನು ಕಣ್ಣು ಮುಚ್ಚಿಯೂ ಬಣ್ಣಿಸಬಲ್ಲವನಾಗಿದ್ದ.

ಇಡೀ ಮುಂಜಾನೆ ಹುಡುಕಿ, ಮಧ್ಯಾಹ್ನಕ್ಕೆ ಇಳಿದು ಬಂದ. ಧೋತರದ ತುಂಬ ಹುಲ್ಲಿನ ಬೀಜ ಅಂಟಿತ್ತು.

"ಒಂದೂ ಇಲ್ರಿ, ಅಜ್ಜಾರ. ಅಗಿಯಾಕ ಹೇಳೇ ಬಂದೀನ್ರಿ."

"ಯಾರಿಗೆ?"

"ಊಟದ ಮನಿ ಕಟ್ಟೋ ಗೌಂಡಿ ದ್ಯಾಮಣ್ಣಗ. ಹಾರಿ-ಗುದ್ದಲಿ ತರಾಕ ಹೋಗ್ಯಾನ್ರಿ."

ಅಜ್ಜಾರು ಕೋಲು ಹಿಡಿದು ಎದ್ದರು. ಇಬ್ಬರೂ ಗುಡ್ಡ ಹತ್ತಿದರು.

"ಎಂಥಾದ್ದು ಹುಡುಕಿದಿ?"

"ಗೇಣುದ್ದದ್ದು. ಕಂದು ಬಣ್ಣ. ನಡುನಡುವ ಮುರದಂಗ ಬಾಗಿರತೈತ್ರಿ."

"ಎಲ್ಲಿ ನೋಡಿದಿ?"

"ಇಲ್ಲೇ ರೀ. ಈ ಎತ್ತರದ ಹುಲ್ಲು ಭಾಳ ಅಡ್ಡ ಬರತಿತ್ತು. ಎರಡೂ ಕೈಲೆ ಸರಿಸಿ ಸರಿಸಿ ಬುಡದಾಗ ನೋಡೀನಿ."

ಅಜ್ಜಾರು ನಕ್ಕರು. ಎದೆಮಟ್ಟ ನಿಂತಿದ್ದ ಆ ಹುಲ್ಲಿನ ಒಂದು ಕಡ್ಡಿ ಮುರಿದುಕೊಂಡರು. ಅದನ್ನು ಅಲ್ಲಲ್ಲಿ ಮಡಿಸಿ, ರೇವಯ್ಯನ ಕೈಯಲ್ಲಿದ್ದ ಹಾಳೆಯ ಮೇಲೆ, ಒಣಗಿದ ಹುಲ್ಲಿನ ಪಕ್ಕಕ್ಕೆ ಇಟ್ಟರು.

ಅದೇ ಗಿಣ್ಣು, ಅದೇ ತೆನೆ. ಒಂದು ಹಸಿರು, ಒಂದು ಕಂದು, ಅಷ್ಟೇ. ಹುಲ್ಲು ಎತ್ತರ, ಹಾಳೆ ಚಿಕ್ಕದು. ಆದ್ದರಿಂದ ಅಜ್ಜಾರ ಗುರುಗಳು ಅದನ್ನು ಮಡಿಸಿ ಅಂಟಿಸಿದ್ದರು.

ಅಷ್ಟರಲ್ಲಿ ದ್ಯಾಮಣ್ಣ ಬಂದು ಒಂದು ಕಂತೆಯ ಬುಡಕ್ಕೆ ಹಾರೆ ಊರಿದ.

"ಇಲ್ಲಿಂದ ಸುರು ಮಾಡಲ್ರಿ?"

ರೇವಯ್ಯ ಹೋಗಿ ಹಾರೆಗೆ ಕೈ ಹಾಕಿದ.

"ಬ್ಯಾಡ ದ್ಯಾಮಣ್ಣ. ಇಲ್ಲಿ ಅಗಿಯಾಂಗಿಲ್ಲ."

"ಆ ಹುಲ್ಲು ಇಲ್ಲಂತ ನೀವೇ ಹೇಳಿದ್ರಲ್ಲ?"

"ತಪ್ಪು ಹೇಳಿದೆ. ಇದೆಲ್ಲಾ ಅದೇ."

ದ್ಯಾಮಣ್ಣ ಇಳಿಜಾರನ್ನು ಆ ತುದಿಯಿಂದ ಈ ತುದಿಯ ತನಕ ನೋಡಿದ.

"ಇಷ್ಟೂ? ಯಾರಿಗಾರ ಕಣ್ಣು ತೋರಿಸ್ಕೊಳ್ರಿ, ಸ್ವಾಮ್ಯಾರ," ಎಂದು ಹಾರೆ ಹೆಗಲಿಗೇರಿಸಿ ಇಳಿದುಹೋದ.

ರೇವಯ್ಯ ಹಾಳೆಯನ್ನು ಮತ್ತೊಮ್ಮೆ ನೋಡಿದ. ಆಮೇಲೆ ಕೇಳಿದ:

"ಎಲಿ, ತೆನಿ, ಬೇರು, ಹಾಳ್ಯಾಗಿಂದು ಒಂದೂ ಬಿಡದಂಗ ಕಲತಿದ್ನಿ, ಅಜ್ಜಾರ. ಆದ್ರೂ ಯಾಕ ನನಗ ಗುರ್ತು ಹತ್ತಲಿಲ್ರಿ?"

ಹೊಳೆಯ ಕಡೆಯಿಂದ ಗಾಳಿ ಬಂತು. ಇಳಿಜಾರಿನ ಹುಲ್ಲೆಲ್ಲ ಒಮ್ಮೆಲೇ ಬಾಗಿ, ಮತ್ತೆ ಎದ್ದು ನಿಂತಿತು.

ಅಜ್ಜಾರು ಅದನ್ನೇ ನೋಡುತ್ತ ಹೇಳಿದರು:

"ಹಾಳ್ಯಾಗ ಗಾಳಿ ಇರಲಿಲ್ಲಪಾ."