ಬೆರ್ಚಪ್ಪನಿಗೆ ಸಂದ ಪರಿಹಾರ

ಒಂದಾನೊಂದು ಊರಿನಲ್ಲಿ, ಹೆಸರು ಕೇಳಬೇಡಿ, ಕೇಳಿದರೆ ನಿಮ್ಮೂರೇ ಅಂದುಬಿಡುತ್ತೇನೆ, ಚಿಲಕದ ಹುಚ್ಚಿನ ಒಬ್ಬ ರಾಜನಿದ್ದ. ಅವನ ಕಿರೀಟಕ್ಕೂ ಚಿಲಕ, ಊಟದ ತಟ್ಟೆಗೂ ಚಿಲಕ. ಒಂದು ವರ್ಷ ರಾಜ್ಯಕ್ಕೆ ಸೀನುಮಾರಿ ಅನ್ನುವ ರೋಗ ಬಂತು. ರಾಜನಿಗೆ ಒಳಗೊಳಗೇ ಖುಷಿ. "ಎಲ್ಲರೂ ಒಳಗಿರಿ, ಚಿಲಕ ಹಾಕಿ!" ಎಂದು ಡಂಗುರ ಸಾರಿಸಿದ.

ಜನ ಚಿಲಕ ಹಾಕಿಕೊಂಡರು. ಸಂತೆ ಚಿಲಕ ಹಾಕಿಕೊಂಡಿತು. ರಸ್ತೆಯೂ ಚಿಲಕ ಹಾಕಿಕೊಂಡಿತು. ಆದರೆ ಕೆಂಪನಂಜಮ್ಮನ ಹೊಲದ ಎಲೆಕೋಸಿಗೆ ಚಿಲಕ ಹಾಕುವುದು ಹೇಗೆ? ಅದು ಬೆಳೆಯಿತು, ಬಲಿಯಿತು, ಕೊಳ್ಳುವವರಿಲ್ಲದೆ ಬಿರಿದು ಕೊಳೆಯಿತು. ಒಂಟಿ ಹೆಂಗಸು. ಮುಂದೆ ರಾಗಿ ಬಿತ್ತಬೇಕು, ಬೀಜಕ್ಕೆ ಕೈಯಲ್ಲಿ ಕಾಸಿಲ್ಲ. ಭೂಮಿಯ ಹದ ಇವತ್ತೋ ನಾಳೆಯೋ ತಪ್ಪುವ ಹಾಗಿತ್ತು. ಬಿತ್ತದಿದ್ದರೆ ವರ್ಷವಿಡೀ ಒಲೆ ಹತ್ತುವುದಿಲ್ಲ.

ಅಷ್ಟರಲ್ಲಿ ರೋಗ ಇಳಿಯಿತು. ರಾಜನಿಗೆ ಕನಿಕರ ಹುಟ್ಟಿತು. ಇಲ್ಲ ಅನ್ನಬಾರದು, ನಿಜವಾಗಿಯೂ ಹುಟ್ಟಿತು. ಬೆಳೆ ಕಳಕೊಂಡವರಿಗೆಲ್ಲ ಪರಿಹಾರ ಎಂದ. ಹಣದ ಚೀಲ ಹೊತ್ತು ಅರಮನೆಯ ಪಾರುಪತ್ಯಗಾರ ಕೆಂಪನಂಜಮ್ಮನ ಹೊಲಕ್ಕೇ ಬಂದ.

"ಕೋಸು ಕೊಳೆಯುವಾಗ ನೋಡಿದೆಯೇನಮ್ಮ?"

"ನೋಡ್ದೆ ಬುದ್ಧಿ."

"ಹಾಗಾದರೆ ಚಿಲಕ ತೆಗೆದು ಹೊರಗೆ ಬಂದೆ. ಅಪರಾಧ!"

"ಅಯ್ಯೋ, ನೋಡ್ಲಿಲ್ಲ ಬುದ್ಧಿ."

"ನೋಡದೆ ಇದ್ದರೆ ಕೊಳೆತದ್ದು ನಿನಗೆ ಹೇಗೆ ಗೊತ್ತು? ಸುಳ್ಳು!"

ಪಾರುಪತ್ಯಗಾರ ಕೆಟ್ಟವನಲ್ಲ. ಯೋಚನೆ ಮಾಡುವವನು, ಅದೇ ತೊಂದರೆ. ಅಪ್ಪಣೆ ಮೀರದೆ ಹೊಲದಲ್ಲೇ ನಿಂತು ಎಲ್ಲವನ್ನೂ ಕಂಡವರು ಯಾರು? ಸುತ್ತ ನೋಡಿದ. ಹೊಲದ ನಡುವೆ ಬೆರ್ಚಪ್ಪ ನಿಂತಿದ್ದ. ಕೋಲಿನ ಕೈ, ಮಡಕೆಯ ತಲೆ, ಹಕ್ಕಿ ಓಡಿಸುವ ಗೊಂಬೆ. ಅವನಿಗೆ ಮನೆಯಿಲ್ಲ, ಚಿಲಕವಿಲ್ಲ, ಹಾಗಾಗಿ ಅಪರಾಧವೂ ಇಲ್ಲ.

"ಇವರೇ ಸಂತ್ರಸ್ತರು!" ಎಂದು ಪಾರುಪತ್ಯಗಾರ ಕೈಮುಗಿದ.

"ನಾನು ಸುಮ್ಕೆ ನಿಂತಿದ್ದೆ ಸ್ವಾಮಿ. ಬೆವರು ಸುರಿಸ್ದೋಳು ಆಯಮ್ಮ" ಎಂದ ಬೆರ್ಚಪ್ಪ.

"ಆಹಾ, ಎಂಥ ವಿನಯ! ನಿಮಗೆ ಇಮ್ಮಡಿ ಕೊಡಬೇಕು. ನಾಳೆ ಮಸಿ ತರುತ್ತೇನೆ, ಹೆಬ್ಬೆಟ್ಟು ಒತ್ತಿ."

ಅವನು ಹೋದ ಮೇಲೆ ಬೆರ್ಚಪ್ಪ ತನ್ನ ಕೋಲು ನೋಡಿಕೊಂಡ. "ನಂಗೆ ಹೆಬ್ಬೆಟ್ಟೇ ಇಲ್ವಲ್ಲಕ್ಕ. ನಾಳೆ ನನ್ನ ಜಾಗದಾಗೆ ನೀನು ನಿಂತ್ಕೋ. ನಾನು ನಿನ್ನ ಮನೇಲಿ ಚಿಲಕ ಹಾಕ್ಕೊಂಡು ಕೂರ್ತೀನಿ."

ಬೆಳಿಗ್ಗೆ ಕೆಂಪನಂಜಮ್ಮ ತಲೆಗೆ ಮಡಕೆ ಹಾಕಿಕೊಂಡು, ಕೈಚಾಚಿ ನಿಂತಳು. ಕಾಗೆಗಳಿಗೂ ವ್ಯತ್ಯಾಸ ತಿಳಿಯಲಿಲ್ಲ. ಪಾರುಪತ್ಯಗಾರ ಬಂದ, ಅವಳ ಹೆಬ್ಬೆರಳಿಗೆ ಮಸಿ ಬಳಿದ, ಓಲೆಗೆ ಒತ್ತಿಸಿದ. ಓಲೆಯ ಮೇಲೆ ಬರೀ ಕಪ್ಪು ಮಚ್ಚೆ. ಒಂದು ಗೆರೆಯೂ ಇಲ್ಲ. ಕಳೆ ಕಿತ್ತು ಕಿತ್ತು ಗೆರೆಗಳೆಲ್ಲ ಯಾವಾಗಲೋ ಮಣ್ಣಿಗೆ ಹೋಗಿದ್ದವು.

ಕೆಲಸ ಕೆಟ್ಟಿತು ಅಂದುಕೊಂಡಳು ಅವಳು. ಪಾರುಪತ್ಯಗಾರ ಹಿಗ್ಗಿದ.

"ಗೆರೆಯಿಲ್ಲ! ಮನುಷ್ಯರಾಗಿದ್ದರೆ ಗೆರೆ ಇರುತ್ತಿತ್ತು. ತಾವು ಅಪ್ಪಟ ಬೆರ್ಚಪ್ಪನವರೇ!"

ಚೀಲವನ್ನು ಅವಳ ತೋಳಿಗೆ ನೇತುಹಾಕಿ ಹೋದ. ಹಣ ಬಂದ ಸಂತೋಷಕ್ಕೋ, ಗೆರೆ ಹೋದ ದುಃಖಕ್ಕೋ, ಅವಳು ಮಡಕೆಯೊಳಗೇ ಅತ್ತಳು. ಕತೆ ಇಲ್ಲಿಗೆ ಬಂದಾಗೆಲ್ಲ ನನಗೂ ಸಂಕಟವಾಗುತ್ತದೆ.

ಅವತ್ತೇ ಬೀಜ ತಂದಳು, ಬಿತ್ತಿದಳು. ಸಂಜೆ ಬಂದು ತನ್ನ ಮನೆಯ ಬಾಗಿಲು ತಟ್ಟಿದಳು.

"ಯಾರು?" ಎಂದ ಒಳಗಿದ್ದ ಬೆರ್ಚಪ್ಪ.

"ನಾನು."

"ನಾನು ಅಂದ್ರೆ? ಮನುಸ್ರೋ, ಬೆರ್ಚಪ್ಪನೋ?"

ಕೆಂಪನಂಜಮ್ಮ ಹೆಬ್ಬೆಟ್ಟು ನೋಡಿಕೊಂಡಳು.

"ಹೊಟ್ಟೆ ಹಸೀತದೆ ಕಣಪ್ಪ" ಅಂದಳು.

ಬಾಗಿಲು ತೆರೆಯಿತು.

ನೀತಿ ಬೇಕೇ? ಪರಿಹಾರ ಬೇಕಾದವರು ಮೊದಲು ಹೆಬ್ಬೆಟ್ಟು ಸವೆಸಿಕೊಂಡು ಬನ್ನಿ. ಕತೆ ಅವಳ ಹಿಂದೆಯೇ ಒಳಗೆ ಹೋಯಿತು, ನಾವು ಜಗಲಿಯ ಮೇಲೇ ಉಳಿದೆವು.