ಕೇಳಬಾರದ ಮಾತು

"ಗುರುಗಳೇ, ಒಬ್ಬರು ಸಾಯುವ ಯೋಚನೆಯಲ್ಲಿದ್ದಾರೆ ಎಂದು ಅನುಮಾನ ಬಂದರೆ ಬಾಯಿಬಿಟ್ಟು ಕೇಳಬಹುದೇ? ಕೇಳಿದರೆ, ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ ಆಗುವುದಿಲ್ಲವೇ?" ಎಂದು ಶಿಷ್ಯ ಶಂಭುಲಿಂಗ ಕೇಳಿದ.

ಅವನ ಗುರುಗಳು ವೈದ್ಯರು. ಅರೆಯುತ್ತಿದ್ದ ಮದ್ದನ್ನು ಪಕ್ಕಕ್ಕಿಟ್ಟು ಹೇಳತೊಡಗಿದರು.

ಒಂದೂರಿನಲ್ಲಿ ತಿಪ್ಪವ್ವ ಎಂಬ ಸೂಲಗಿತ್ತಿಯೂ ಗಿರಿಜವ್ವ ಎಂಬ ಕುಂಬಾರಗಿತ್ತಿಯೂ ಇದ್ದರು. ಚಿಕ್ಕಂದಿನಿಂದ ಗೆಳತಿಯರು. ಊರಿನ ಅರ್ಧ ಮಕ್ಕಳು ತಿಪ್ಪವ್ವನ ಕೈಯಲ್ಲೇ ಹುಟ್ಟಿದವರು. ಒಮ್ಮೆ ಒಂದು ಹೆರಿಗೆ ಕೈಮೀರಿತು. ತಾಯಿ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ. ಸತ್ತವಳ ಮನೆಯವರು ಕೂಡ ತಿಪ್ಪವ್ವನನ್ನು ಒಂದು ಮಾತು ಅನ್ನಲಿಲ್ಲ. ಅವಳೇ ತನ್ನ ಕೈಗಳನ್ನು ಕ್ಷಮಿಸಲಿಲ್ಲ. ಕರೆಯಲು ಬಂದವರಿಗೆ ಬಾಗಿಲು ತೆರೆಯಲಿಲ್ಲ. ಗಿರಿಜವ್ವ ಕೊಟ್ಟುಬಂದ ಅನ್ನ ಪಾತ್ರೆಯಲ್ಲೇ ಹಳಸುತ್ತಿತ್ತು. ಹೀಗೇ ತಿಂಗಳುಗಳು ಕಳೆದವು.

ಒಂದು ದಿನ ಬೆಳಿಗ್ಗೆ ತಿಪ್ಪವ್ವ ತಾನಾಗಿಯೇ ಕುಂಬಾರರ ಅಂಗಳಕ್ಕೆ ಬಂದಳು. ತಲೆ ಬಾಚಿ, ಒಗೆದ ಸೀರೆ ಉಟ್ಟಿದ್ದಳು. ನಗುತ್ತಿದ್ದಳು. ಜೊತೆಯಲ್ಲಿ ಅವಳ ಹಸು ಇತ್ತು.

"ಇದು ಇನ್ನು ನಿನ್ನ ಹತ್ತಿರವೇ ಇರಲಿ. ನನಗೆ ನೋಡಿಕೊಳ್ಳಲು ಆಗುವುದಿಲ್ಲ" ಎಂದು ಹಗ್ಗವನ್ನು ಗಿರಿಜವ್ವನ ಕೈಗಿತ್ತು ಹೊರಟುಹೋದಳು.

ದಾರಿಯಲ್ಲಿ ಕಂಡವರೆಲ್ಲ, ತಿಪ್ಪವ್ವ ಚೇತರಿಸಿಕೊಂಡಳು ಎಂದರು. ಗಿರಿಜವ್ವನಿಗೂ ಮೊದಲು ಹಾಗೆಯೇ ಅನ್ನಿಸಿತು. ಹಸುವನ್ನು ಕಟ್ಟಿ, ಆವಿಗೆಗೆ ಬೆಂಕಿ ಹಾಕಿದಳು. ಮಡಕೆ ಸುಡುವ ದಿನ ಕಣ್ಣು ಅತ್ತಿತ್ತ ಹೋಗಬಾರದು. ಆದರೆ ಅವಳ ಕಣ್ಣು ಹಸುವಿನ ಕಡೆಗೇ ಹೋಗುತ್ತಿತ್ತು. ತಿಪ್ಪವ್ವ ಅದನ್ನು ಕರುವಾಗಿದ್ದಾಗಿನಿಂದ ಸಾಕಿದ್ದಳು. ಬೇರೆಯವರಿಗೆ ಹಾಲು ಕರೆಯಲು ಕೂಡ ಬಿಟ್ಟವಳಲ್ಲ. ಗಿರಿಜವ್ವ ಥಟ್ಟನೆ ಎದ್ದು, ಅಂಗಳದಲ್ಲಿದ್ದ ತನ್ನ ಅತ್ತೆಯ ಬಳಿ ಹೋದಳು.

"ಅತ್ತೆ, ಅವಳು ಜೀವ ಕಳೆದುಕೊಳ್ಳಲು ಹೊರಟಿದ್ದಾಳೇನೋ. ಹೋಗಿ ಕೇಳಿಬರುತ್ತೇನೆ."

"ಬಿಡ್ತು ಅನ್ನು! ಈಗ ತಾನೇ ನಗುತ್ತ ಹೋದಳು. ಇಲ್ಲದ್ದನ್ನು ನೀನೇ ಅವಳ ತಲೆಗೆ ತುಂಬಬೇಡ" ಎಂದು ಅತ್ತೆ ಗದರಿದಳು. "ಆವಿಗೆ ಬಿಟ್ಟು ಹೋದರೆ ಮಾಡಿದ್ದೆಲ್ಲ ಹಾಳಾಗುತ್ತದೆ."

ಗಿರಿಜವ್ವ ಕೈ ತೊಳೆಯದೆ ಓಡಿದಳು.

ತಿಪ್ಪವ್ವನ ಬಾಗಿಲು ಮುಚ್ಚಿತ್ತು. ಬಡಿದಳು. ಒಳಗೆ ಸದ್ದಿಲ್ಲ. ಮತ್ತೆ ಬಡಿದಳು. ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು. ಮನೆ ಗುಡಿಸಿತ್ತು. ಪಾತ್ರೆಗಳನ್ನು ಬೆಳಗಿ ಬೋರಲು ಹಾಕಿತ್ತು. ಒಲೆ ತಣ್ಣಗಿತ್ತು.

"ಊಟ ಆಯಿತೇ?" ಎಂದಳು ಗಿರಿಜವ್ವ.

"ಆಯಿತು."

"ಮೈ ಹುಷಾರಾಗಿದೆಯಾ?"

"ನನಗೇನಾಗಿದೆ? ಹೋಗು, ಅಲ್ಲಿ ಕೆಲಸ ಬಿಟ್ಟು ಬಂದಿದ್ದೀಯ."

ಗಿರಿಜವ್ವ ತಿರುಗಿ ಹೊಸ್ತಿಲವರೆಗೆ ಬಂದಳು. ಕೇಳಬೇಕಾದ್ದನ್ನು ತಾನು ಕೇಳಿಯೇ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಕೇಳಿದರೆ ಈ ಗೆಳೆತನ ಇಂದಿಗೇ ಮುಗಿಯಬಹುದು. ಅತ್ತೆಯ ಮಾತು ನಿಜವಾಗಿಬಿಡಲೂಬಹುದು. ಕಾಲು ಮಾತ್ರ ಹೊಸ್ತಿಲು ದಾಟಲಿಲ್ಲ. ಹಿಂದಿರುಗಿ ನೋಡಿದಳು.

"ತಿಪ್ಪವ್ವ, ಸಾಯಬೇಕು ಅಂತ ಮಾಡಿದ್ದೀಯಾ?"

ತಿಪ್ಪವ್ವನ ಮುಖದ ನಗು ಉದುರಿತು. ಈಗ ಬೈಯುತ್ತಾಳೆ ಎಂದುಕೊಂಡಳು ಗಿರಿಜವ್ವ. ತಿಪ್ಪವ್ವ ಗೋಡೆ ಹಿಡಿದು ಮೆಲ್ಲಗೆ ಕುಸಿದು ಕುಳಿತಳು.

"ಹೂಂ" ಎಂದಳು. "ಊರೆಲ್ಲ ಊಟ ಆಯಿತೇ ಅಂತ ಕೇಳುತ್ತದೆ. ಆಯಿತು ಅಂತ ಸುಳ್ಳು ಹೇಳಿ ಹೇಳಿ ಸಾಕಾಗಿದೆ."

ಗಿರಿಜವ್ವನ ಬಳಿ ಅವಳಿಗೆ ಹೇಳಲು ಬುದ್ಧಿಮಾತೇನೂ ಇರಲಿಲ್ಲ. ಪಕ್ಕದಲ್ಲಿ ಕುಳಿತು, ಮಣ್ಣಾದ ಕೈಯಿಂದಲೇ ಅವಳ ಕೈ ಹಿಡಿದಳು.

"ಅದಕ್ಕೆ ಏನು ಇಟ್ಟುಕೊಂಡಿದ್ದೀಯೋ ಅದನ್ನು ನನಗೆ ಕೊಡು."

"ಕೊಡುವುದಿಲ್ಲ. ನೀನು ಹೋಗು."

"ಹೋಗುವುದಿಲ್ಲ."

ತಿಪ್ಪವ್ವ ರೇಗಿದಳು, ಅತ್ತಳು, ಬಾಗಿಲು ತೋರಿಸಿದಳು. ಗಿರಿಜವ್ವ ಕುಳಿತಲ್ಲಿಂದ ಏಳಲಿಲ್ಲ. ಹೊತ್ತು ಇಳಿಯುವಾಗ ತಿಪ್ಪವ್ವ ಬಚ್ಚಿಟ್ಟಿದ್ದನ್ನು ತಂದುಕೊಟ್ಟಳು. ಗಿರಿಜವ್ವ ಅದನ್ನು ಸೆರಗಿಗೆ ಗಂಟುಹಾಕಿಕೊಂಡು, ಗೋಡೆಯಾಚೆಯ ಮನೆಯವರನ್ನು ಕೂಗಿದಳು. ತಿಪ್ಪವ್ವನ ಅಣ್ಣನಿಗೂ ವೈದ್ಯರಿಗೂ ಹೇಳಿಕಳುಹಿಸಿದಳು. ಅವರು ಬರುವವರೆಗೂ ಹಿಡಿದ ಕೈ ಬಿಡಲಿಲ್ಲ. ಅಂದಿನ ಆವಿಗೆಯಲ್ಲಿ ಒಂದು ಮಡಕೆಯೂ ನೆಟ್ಟಗೆ ಸುಡಲಿಲ್ಲ. ಆದರೂ ಅತ್ತೆ ಎರಡು ಮನೆಗೂ ಅಡುಗೆ ಮಾಡಿದಳು.

ಅಷ್ಟಕ್ಕೇ ಎಲ್ಲ ಸರಿಹೋಗಲಿಲ್ಲ. ಆ ಯೋಚನೆ ತಿಪ್ಪವ್ವನಿಗೆ ಮತ್ತೆ ಬರುತ್ತಿತ್ತು. ವೈದ್ಯರು ಮದ್ದು ಕೊಟ್ಟರು, ಅಣ್ಣ ಬಂದು ಜೊತೆಯಲ್ಲಿದ್ದ. ಗಿರಿಜವ್ವ ಬಂದಾಗಲೆಲ್ಲ ಅದೇ ಮಾತನ್ನು ಅಷ್ಟೇ ನೇರವಾಗಿ ಕೇಳಿದಳು. ತಿಪ್ಪವ್ವ ಒಮ್ಮೊಮ್ಮೆ ಸಿಡುಕಿದಳು. ಒಮ್ಮೊಮ್ಮೆ ಹೂಂ ಎಂದಳು. ಬರಬರುತ್ತ ಇಲ್ಲ ಎನ್ನುವ ದಿನಗಳು ಹೆಚ್ಚಾದವು. ಮರುವರ್ಷ ಗಿರಿಜವ್ವನ ಮಗಳ ಹೆರಿಗೆಗೆ ತಿಪ್ಪವ್ವನೇ ಬಂದಳು.

ಗುರುಗಳು ಕತೆ ನಿಲ್ಲಿಸಿದರು.

"ಹೊಸ್ತಿಲವರೆಗೆ ಬಂದವಳಿಗೆ ಕೇಳುವ ಧೈರ್ಯ ಎಲ್ಲಿಂದ ಬಂತು, ಗುರುಗಳೇ?" ಎಂದ ಶಂಭುಲಿಂಗ.

"ಧೈರ್ಯ ಬರಲಿಲ್ಲ. ಹೆದರಿಕೊಂಡೇ ಕೇಳಿದಳು. ಕೆಲವು ದಿನಗಳಿಂದ ನಿನ್ನ ಊಟವೂ ಎಲೆಯಲ್ಲೇ ಉಳಿಯುತ್ತಿದೆ. ಈಗ ನಾನೂ ಹೆದರಿಕೊಂಡೇ ಕೇಳುತ್ತಿದ್ದೇನೆ. ಶಂಭು, ನಿನಗೆ ಸಾಯಬೇಕು ಅನ್ನಿಸುತ್ತಿದೆಯೇ?"

ಶಂಭುಲಿಂಗ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಗುರುಗಳು ಎದ್ದುಬಂದು ಅವನ ಪಕ್ಕದಲ್ಲಿ ಕುಳಿತರು.