ಈರಕ್ಕನ ಕೈಮುದ್ದೆ ತಿಂದ ಎರಡು ನಾಯಿಗಳು

ಒಂದಾನೊಂದು ಕಾಲ. ಯಾವ ಕಾಲ ಅಂತ ಕೇಳಬೇಡ, ನಿನ್ನೆ ಅದನ್ನೇ ಕೇಳಿ ಕೇಳಿ ಕತೆ ಶುರುವಾಗೋದ್ರೊಳಗೆ ಗೊರಕೆ ಹೊಡೆದೆ. ಕಂಬಳಿ ಎಳ್ಕೋ, ಕಾಲು ಒದೀಬೇಡ, ಹೂಂ ಅಂತಿರು ಸಾಕು.

ಒಂದು ಕೆರೆ ಏರಿ ಕೆಳಗೆ ಈರಕ್ಕ ಅಂತ ಒಬ್ಬಳು ಕುಂಬಾರ್ತಿ ಇದ್ದಳಂತೆ. ಗಂಡ ಗುಂಡಣ್ಣ, ಮಾವ ದೊಡ್ಡಯ್ಯ, ಮಣ್ಣು ಹೊರೋಕೆ ಚೆಲುವಿ ಅಂತ ಒಂದು ಹೆಣ್ಣು ಕತ್ತೆ, ಇಷ್ಟೇ ಸಂಸಾರ. ಗುಂಡಣ್ಣ ಮಡಕೆ ಮಾಡೋ ತಿಗರಿ ಮುಂದೆ ಕೂತ್ರೆ ಆಯ್ತು, ಊಟಕ್ಕೆ ಕರೆದ್ರೂ ಏಳ್ತಿರಲಿಲ್ಲವಂತೆ. ದೊಡ್ಡಯ್ಯ ಜಗಲಿ ಮೇಲೆ ಕೂತ್ಕೊಂಡು ಬುದ್ಧಿ ಹೇಳ್ತಿದ್ದನಂತೆ. ಮಣ್ಣು ತರೋದು, ತುಳಿಯೋದು, ನೀರು, ಸೌದೆ, ಒಲೆ, ಎಲ್ಲಾ ಈರಕ್ಕಂದೇ. ಜೊತೆಗೆ ದುಡಿಯೋದು ಅಂದ್ರೆ ಆ ಕತ್ತೆ ಒಂದೇ, ಅದಕ್ಕೇ ಅದರ ಮೇಲೆ ಅವಳಿಗೆ ಪ್ರಾಣ.

ಹಿಂದಿನ ಸಲ ಚೆಲುವಿ ಹಾಕಿದ ಮರೀನ ತೋಳ ಎಳ್ಕೊಂಡು ಹೋಗಿತ್ತಂತೆ. ಆಮೇಲೆ ಚೆಲುವಿ ಹುಲ್ಲು ಮುಟ್ಟದೆ ಗುಡ್ಡದ ಕಡೆ ನೋಡ್ತಾ ನಿಂತುಬಿಡ್ತಂತೆ, ಈರಕ್ಕನೇ ಮಣ್ಣಿನ ಮಂಕರಿ ತಲೆ ಮೇಲೆ ಹೊತ್ತಳಂತೆ. ಈಗ ಮತ್ತೆ ಚೆಲುವಿ ಹೊಟ್ಟೆ ಇಳಿಬಿದ್ದಿತ್ತು. ಈರಕ್ಕ ಗಂಡನಿಗೂ ಮಾವನಿಗೂ ಅಂದಳಂತೆ, ನೋಡಿ, ಈ ಮರೀನೂ ತೋಳದ ಬಾಯಿಗೆ ಹೋದ್ರೆ ನಮ್ಮ ಚೆಲುವಿ ಉಳಿಯಲ್ಲ, ಅದು ಉಳೀದಿದ್ರೆ ನಾನೂ ಉಳಿಯಲ್ಲ, ಒಂದು ನಾಯಿ ತನ್ನಿ.

ಒಂದು ನಾಯಿ ಅಂದಳು ನೋಡು. ಅಲ್ಲಿಂದ ಶುರುವಾಯ್ತು ಅವಳ ಗ್ರಹಚಾರ.

ಗುಂಡಣ್ಣ ಅಂದನಂತೆ, ನಾಯಿ ಅಂದ್ರೆ ಬೇಟೆನಾಯಿ ಕಣೇ, ಉದ್ದ ಕಾಲು, ಸಣ್ಣ ನಡು, ಓಡಿದ್ರೆ ನೆಲಕ್ಕೇ ಗೊತ್ತಾಗಬಾರದು. ದೊಡ್ಡಯ್ಯ ಅಂದನಂತೆ, ಥೂ, ಅದೂ ಒಂದು ನಾಯೇನೋ, ಒಣಗಾಕಿದ ಪಂಚೆ ಇದ್ದಂಗಿರುತ್ತೆ, ನಾಯಿ ಅಂದ್ರೆ ಕುರಿಗಾರರ ನಾಯಿ, ಮೈತುಂಬ ಕೂದಲು, ಹೋರಿಯಂಥ ಕತ್ತು, ಬೊಗಳಿದ್ರೆ ಮಡಕೆಯೊಳಗಿನ ನೀರು ಅಲ್ಲಾಡಬೇಕು. ಹೊತ್ತು ಹುಟ್ಟಿದ್ರೆ ಇದೇ ಜಗಳ, ಹೊತ್ತು ಮುಳುಗಿದ್ರೆ ಇದೇ ಜಗಳ. ಈರಕ್ಕ ತಲೆ ಚಚ್ಕೊಂಡಳಂತೆ, ಯಾವುದಾದ್ರೂ ತನ್ನಿ, ಮರಿ ನಿಮ್ಮ ಮಾತು ಮುಗಿಯೋ ತನಕ ಹೊಟ್ಟೆಯಲ್ಲೇ ಕಾಯ್ತಾ ಇರುತ್ತಾ?

ಒಂದು ದಿನ ಮಗ ಅಪ್ಪನಿಗೆ ಹೇಳದೆ ಮೂಡಲ ಕಡೆ ಬೇಟೆಗಾರರ ಹಟ್ಟಿಗೆ ಹೋದನಂತೆ, ಅಪ್ಪ ಮಗನಿಗೆ ಹೇಳದೆ ಪಡುವಲ ಕಡೆ ಕುರಿಗಾರರ ಹಟ್ಟಿಗೆ ಹೋದನಂತೆ. ಎರಡು ಹಟ್ಟಿಯಲ್ಲೂ ಯಜಮಾನರು ನಾಯಿ ಕೊಡೋವಾಗ ಒಂದೇ ಕಟ್ಟಳೆ ಹೇಳಿದ್ರಂತೆ: ಇದಕ್ಕೆ ಮೊದಲನೇ ಮುದ್ದೆ ಯಾವ ಕೈ ಹಾಕುತ್ತೋ ನಾಯಿ ಆ ಕೈಯ್ದು, ಇನ್ನೊಬ್ಬರ ಮಾತು ಕೇಳಲ್ಲ. ಬೇಡ ಅನ್ನಿಸಿದ್ರೆ ಅಮಾವಾಸ್ಯೆಯೊಳಗೆ ಅದೇ ಕೈ ತಂದು ಬಿಡಬೇಕು, ಬೇರೆಯವರು ಎಳೆದ್ರೆ ಬರಲ್ಲ. ಇಬ್ಬರೂ ಹೂಂ ಹೂಂ ಅಂದ್ರಂತೆ. ನೀನು ಈಗ ಹೂಂ ಅಂತೀಯಲ್ಲ, ಹಂಗೇ, ಕೇಳಿಸ್ಕೊಳ್ಳದೆ.

ಸಂಜೆಗೆ ಒಬ್ಬ ಈ ಕಡೆಯಿಂದ, ಇನ್ನೊಬ್ಬ ಆ ಕಡೆಯಿಂದ ಬಂದು ಬಾಗಿಲಲ್ಲೇ ಢಿಕ್ಕಿ ಹೊಡೆದ್ರಂತೆ. ಒಂದು ನಾಯಿ ಕೇಳಿದ್ರೆ ಎರಡು ನಾಯಿ, ಎರಡೂ ಕರು ಎತ್ತರ. ಬೇಟೆನಾಯಿ ಹೆಸರು ಗಾಳಿ, ಕುರಿನಾಯಿ ಹೆಸರು ಗುಡ್ಡ. ಇಬ್ಬರಿಗೂ ನಡೆದು ಕಾಲು ಸೋತಿತ್ತು. ಲೇ ಈರೀ, ನನ್ನ ನಾಯಿಗೊಂದು ಮುದ್ದೆ ಹಾಕೇ ಅಂತ ಗಂಡ, ಈರವ್ವಾ, ನನ್ನ ನಾಯಿಗೂ ಒಂದು ಹಾಕವ್ವಾ ಅಂತ ಮಾವ. ಹಾಕಿದಳಂತೆ, ಇನ್ನೇನು ಮಾಡ್ತಾಳೆ? ಗುಳುಂ ಗುಳುಂ ಅಂತ ನುಂಗಿದ್ವಂತೆ.

ಮಾರನೆಯ ದಿನ ಗುಂಡಣ್ಣ ಶಿಳ್ಳೆ ಹೊಡೆದ್ರೆ ಗಾಳಿ ಅವನನ್ನ ಕಂಬ ನೋಡಿದ ಹಾಗೆ ನೋಡ್ತಂತೆ. ದೊಡ್ಡಯ್ಯ ಬಾರೋ ಅಂದ್ರೆ ಗುಡ್ಡ ಆಕಳಿಸ್ತಂತೆ. ಈರಕ್ಕ ಕೊಡ ಎತ್ಕೊಂಡಿದ್ದೇ ತಡ, ಎರಡೂ ಎದ್ದು ಹಿಂದೆ ಹೊರಟ್ವಂತೆ. ಆಗ ಇಬ್ಬರಿಗೂ ಕಟ್ಟಳೆ ನೆನಪಾಗಿ ಮುಖ ಮುಖ ನೋಡ್ಕೊಂಡ್ರಂತೆ. ಅಲ್ರೀ, ಅಲ್ಲ ಮಾವಾ, ನಾಯಿ ನಿಮ್ಮದು, ಹಠ ನಿಮ್ಮದು, ಈಗ ಎರಡೂ ನನ್ನ ಸೆರಗಿಗಾ? ಅಂತ ಈರಕ್ಕ ಸೊಂಟದ ಮೇಲೆ ಕೈ ಇಟ್ಕೊಂಡಳಂತೆ.

ಆಮೇಲಿನ ಕತೆ ಏನು ಕೇಳ್ತೀಯ. ಬೇಟೆನಾಯಿ ಗಾಳಿಗೆ, ಅಲ್ಲಾಡೋದು ಏನು ಕಂಡ್ರೂ ಅಟ್ಟಿಸ್ಕೊಂಡು ಹೋಗಬೇಕು. ಗುಂಡಣ್ಣ ತಿಗರಿ ತಿರುಗಿಸಿದ್ದೇ ಗಾಳಿ ಅದರ ಸುತ್ತ ಗಿರಗಿರ ಓಡಿ ಓಡಿ, ಕೊನೆಗೆ ತಲೆ ತಿರುಗಿ ಗುಂಡಣ್ಣನ ತೊಡೆ ಮೇಲೆ ಬಿತ್ತಂತೆ, ಆಗಷ್ಟೇ ಕತ್ತು ಎದ್ದಿದ್ದ ಕೊಡ ಚಪಾತಿ ಆಯ್ತಂತೆ. ಗುಡ್ಡ ಏನು ಕಮ್ಮಿ? ಅದಕ್ಕೆ ಎಲ್ಲರೂ ಕುರಿಗಳೇ. ಹೊಸ್ತಿಲು ದಾಟಿದವರನ್ನ ತಲೆಯಲ್ಲಿ ನೂಕಿ ನೂಕಿ ಒಳಗೆ ತುಂಬ್ತಿತ್ತಂತೆ. ಬೆಳಗ್ಗೆ ದೊಡ್ಡಯ್ಯ ಚೊಂಬು ಹಿಡ್ಕೊಂಡು ಬಯಲಿಗೆ ಹೊರಟ್ರೆ ಅವನನ್ನೂ ತಿರುಗಿಸಿ ತಂದು ಅಂಗಳಕ್ಕೆ ಬಿಡ್ತಂತೆ. ಮತ್ತೆ ಹೊರಟ, ಮತ್ತೆ ತಂತು. ಈರವ್ವಾ, ನಿನ್ನ ನಾಯಿ ಹಿಡ್ಕೋ ತಾಯೀ, ಅರ್ಜೆಂಟು ಅಂತ ಕೂಗಿದನಂತೆ. ಈಗ ನನ್ನ ನಾಯಾ, ಅಂದಳಂತೆ ಈರಕ್ಕ. ಇದೂ ಸಾಲದು ಅಂತ, ಒಂದು ದಿನ ತುಳಿದು ಹದ ಮಾಡಿದ್ದ ಮಣ್ಣಿನ ಮೇಲೆ ಎರಡೂ ಕುಸ್ತಿ ಬಿದ್ದು, ಹಂಗೇ ಒಳಗೆ ಬಂದು, ತೊಳೆದ ಸೀರೆ ಮೇಲೆ ಮೈ ಕೊಡವಿದ್ವಂತೆ. ನೆಲದೊಳಗಿನ ಹಗೇವಿನ ರಾಗಿ ನೋಡಿದ್ರೆ ತಳ ಕಾಣ್ತಿತ್ತಂತೆ. ಎರಡನ್ನ ಸಾಕೋಕೆ ಆಗಲ್ಲ, ಅಮಾವಾಸ್ಯೆ ಹತ್ತಿರ ಬಂತು, ಯಾವುದನ್ನ ಬಿಡಲಿ ಅಂತ ಈರಕ್ಕ ಕೇಳಿದ್ರೆ, ನಿನ್ನದು ಬಿಡು ಅಂತ ಅಪ್ಪ, ನಿನ್ನದು ಬಿಡು ಅಂತ ಮಗ. ಈರಕ್ಕನಿಗೆ ಇವೆರಡು ನಾಯಿ ಇಟ್ಕೊಂಡು ಅವರಿಬ್ಬರನ್ನೇ ಹಟ್ಟಿಗೆ ಬಿಟ್ಟು ಬರಬೇಕು ಅನ್ನಿಸ್ತಂತೆ.

ಹಿಂಗಿರುವಾಗ ಒಂದು ಮಧ್ಯಾಹ್ನ ಚೆಲುವಿ ಮರಿ ಹಾಕ್ತಂತೆ. ಕಡ್ಡಿಯಂಥ ಕಾಲು, ಮೊರದಂಥ ಕಿವಿ. ಈರಕ್ಕ ಒಣಹುಲ್ಲಲ್ಲಿ ಮರಿ ಮೈ ಒರೆಸಿ, ಗುಡ್ಡನ್ನ ಹತ್ತಿರ ಕೂರಿಸಿ, ಅದರ ಕತ್ತಿನ ಮೇಲೆ ಕೈ ಇಟ್ಟು, ಇಲ್ಲಿಂದ ಕದಲಬೇಡ ಕಣಪ್ಪ ಅಂದಳಂತೆ. ಗಾಳಿಗೂ ಹೇಳೋಣ ಅಂತ ತಿರುಗಿದ್ರೆ ಅದು ಯಾವುದೋ ಓತಿಕ್ಯಾತದ ಹಿಂದೆ ಹೋಗಿತ್ತಂತೆ.

ಹೊತ್ತು ಮುಳುಗೋ ಹೊತ್ತಿಗೆ ಕೆರೆ ಏರಿ ಮೇಲೆ ಒಂದು ತೋಳ ಬಂದು ಎಲ್ಲರಿಗೂ ಕಾಣೋ ಹಾಗೆ ನಿಂತ್ಕೊಳ್ತಂತೆ. ಕಂಡಿದ್ದೇ ತಡ, ಗಾಳಿ ಸುಂಯ್ ಅಂತ ಹೋಯ್ತು. ತೋಳ ಮುಂದೆ, ಗಾಳಿ ಹಿಂದೆ, ಅದರ ಹಿಂದೆ ಗುಂಡಣ್ಣ ದೊಣ್ಣೆ ಹಿಡ್ಕೊಂಡು, ನೋಡ್ದಾ ಅಪ್ಪಯ್ಯ ನನ್ನ ನಾಯೀನ ಅಂತ ಕೂಗ್ತಾ ಹೋದನಂತೆ. ದೊಡ್ಡಯ್ಯನಿಗೆ ಮರ್ಯಾದೆ ಹೋದಂಗಾಗಿ, ಏಳೋ ಗುಡ್ಡ, ಹೋಗೋ, ಹಿಡಿಯೋ ಅಂತ ಕೋಲಲ್ಲಿ ತಿವಿದನಂತೆ. ಗುಡ್ಡ ಏಳಲೇ ಇಲ್ಲ. ಅನ್ನ ದಂಡ ಕಣೋ ನಿಂಗೆ ಅಂತ ಮುದುಕ ಹಣೆ ಚಚ್ಕೊಂಡನಂತೆ.

ಅಷ್ಟರಲ್ಲಿ ಮಡಕೆ ಸುಡೋ ಆವಿಗೆ ಹಿಂದಿನಿಂದ ಇನ್ನೊಂದು ತೋಳ ಹೊಟ್ಟೆ ನೆಲಕ್ಕೆ ಹಚ್ಕೊಂಡು ಬಂತಂತೆ. ಒಂದು ತೋರಿಸ್ಕೊಂಡು ನಾಯಿ ಎಳ್ಕೊಂಡು ಹೋಗೋದು, ಇನ್ನೊಂದು ಹಿಂದಿನಿಂದ ಬಂದು ಮರಿ ಎತ್ತೋದು. ಹಿಂದಿನ ಸಲ ಮನೆಯವರನ್ನ ಹಂಗೇ ಏಮಾರಿಸಿ ಮರಿ ಎತ್ತಿದ್ವು, ಈ ಸಲ ನಾಯೀನ ಏಮಾರಿಸಿದ್ವು. ಈರಕ್ಕ ಕೈಲಿದ್ದ ಕೊಡ ಬಿಟ್ಟು ಓಡಿದಳಂತೆ. ಅವಳಿಗಿಂತ ಮೊದಲೇ ಗುಡ್ಡ ಎದ್ದು, ಮರೀನ ತನ್ನ ನಾಲ್ಕು ಕಾಲಿನ ನಡುವೆ ಹಾಕ್ಕೊಂಡು, ಒಂದು ಸಲ ಬೊಗಳ್ತಂತೆ. ಮಡಕೆಯೊಳಗಿನ ನೀರು ನಿಜವಾಗ್ಲೂ ಅಲ್ಲಾಡ್ತಂತೆ. ಆದ್ರೂ ತೋಳ ಮೇಲೆ ಬಿತ್ತು, ಗುಡ್ಡ ಕಚ್ತು, ಚೆಲುವಿ ಹಿಂಗಾಲಲ್ಲಿ ಝಾಡಿಸಿ ಒದೀತು, ತೋಳ ಅರ್ಧ ಕಿವಿ ಅಲ್ಲೇ ಬಿಟ್ಟು ಓಡ್ತಂತೆ.

ನಾನು ಹೇಳ್ಲಿಲ್ವಾ ಅಂತ ದೊಡ್ಡಯ್ಯ ಎದೆ ಉಬ್ಬಿಸಿದನಂತೆ. ಈರಕ್ಕ ಅಂದಳಂತೆ, ಏನು ಹೇಳಿದ್ರಿ ಮಾವಾ, ಹೋಗೋ ಹೋಗೋ ಅಂತ ತಾನೆ? ಅದು ನಿಮ್ಮ ಮಾತು ಕೇಳಿದ್ದಿದ್ರೆ ಈಗ ಮರಿ ಎಲ್ಲಿರ್ತಿತ್ತು? ಒಂದು ಮುದ್ದೆ ಹಾಕೋಕೆ ನಿಮಗೆ ಸೋಮಾರಿತನ ಬಂತಲ್ಲ, ಅದರಿಂದ ಉಳೀತು! ಮುದುಕ ಎಲೆ ಅಡಿಕೆ ಚೀಲ ಹುಡುಕೋಕೆ ಶುರು ಮಾಡಿದನಂತೆ, ಅದು ಸೊಂಟದಲ್ಲೇ ಇತ್ತು.

ಆಮೇಲೆ ಗಾಳಿ ನಾಲಿಗೆ ಇಳಿಬಿಟ್ಕೊಂಡು ಬಂತು, ತೋಳನ್ನ ಬೆಟ್ಟದಾಚೆ ಬಿಟ್ಟು ಬಂದೆ ಅನ್ನೋ ಗತ್ತು ಅದಕ್ಕೆ. ಅದು ಬಂದು ಎಷ್ಟೋ ಹೊತ್ತಿನ ಮೇಲೆ ಗುಂಡಣ್ಣ ಅಂಗಾಲೆಲ್ಲಾ ಮುಳ್ಳು ಚುಚ್ಚಿಸ್ಕೊಂಡು ಕುಂಟುತ್ತಾ ಬಂದನಂತೆ. ಮುಳ್ಳು ಕೀಳ್ತಾ ಈರಕ್ಕ ಅಂದಳಂತೆ, ಇದರ ತಪ್ಪಲ್ಲ ರೀ. ಓಡೋದು ಇದರ ಹುಟ್ಟು. ಇದರ ಜೊತೆ ದಿನಾ ಓಡೋರು ನಮ್ಮನೇಲಿ ಯಾರಿದ್ದಾರೆ? ನೀವು ಒಂದೇ ದಿನಕ್ಕೆ ಹಿಂಗಾದ್ರಿ. ನಮಗೆ ಅಟ್ಟಿಸ್ಕೊಂಡು ಹೋಗೋದು ಬೇಡ, ಮರಿ ಹತ್ರ ನಿಲ್ಲೋದು ಬೇಕು. ಗುಂಡಣ್ಣ ಗಾಳಿಯ ಸಣ್ಣ ನಡು ನೋಡಿದ, ತನ್ನ ಹೊಟ್ಟೆ ನೋಡ್ಕೊಂಡ, ಹೂಂ ಅಂದನಂತೆ.

ಅಮಾವಾಸ್ಯೆಗೆ ಮುಂಚೆ ಈರಕ್ಕನೇ ತನ್ನ ಕೈಯಾರೆ ಗಾಳೀನ ಹಟ್ಟಿಗೆ ನಡೆಸ್ಕೊಂಡು ಹೋದಳಂತೆ. ದಾರಿಯುದ್ದಕ್ಕೂ ಅದನ್ನ ಬೈತಾನೇ ಹೋದಳು, ಬೈತಾ ಬೈತಾ ಕಣ್ಣು ಒರೆಸ್ಕೊಂಡಳು. ಹಟ್ಟಿ ನಾಯಿಗಳು ಬಯಲಲ್ಲಿ ಓಡೋದು ಕಂಡಿದ್ದೇ ಗಾಳಿ ಬಾಣದಂಗೆ ಹೋಯ್ತಂತೆ. ಹೋಗಿ, ಏನೋ ಮರೆತವರ ಹಾಗೆ ತಿರುಗಿ ಬಂದು, ಮುದ್ದೆ ಹಾಕಿದ ಕೈಯನ್ನ ನೆಕ್ಕಿ, ಮತ್ತೆ ಓಡ್ತಂತೆ.

ಮನೇಲಿ ಎಲ್ಲಾ ತಣ್ಣಗಾಯ್ತು ಅನ್ನೋವಾಗ ಗುಂಡಣ್ಣ ಮೆಲ್ಲಗೆ, ಲೇ ಈರೀ, ಸಂತೇಲಿ ಒಂದು ಮಾತಾಡೋ ಗಿಳಿ ನೋಡಿದೆ ಕಣೇ ಅಂದನಂತೆ. ಈರಕ್ಕ ಹಿಟ್ಟಿನ ಕೋಲು ತಂದು ಅವನ ಕೈಗೆ ಕೊಟ್ಟಳಂತೆ, ಮೊದಲು ಈ ಮನೆ ನಾಯಿಗೆ ಮುದ್ದೆ ತಿರುವು ಅಂತ. ತಿರುವಿದ. ಬರೀ ಗಂಟು. ಗುಡ್ಡ ಮೂಸಿ ಮುಖ ತಿರುಗಿಸ್ತು, ಚೆಲುವಿ ಬಂದು ತಿಂದುಬಿಡ್ತಂತೆ. ಆಮೇಲೆ ಆ ಮನೇಲಿ ಯಾರೂ ಗಿಳಿ ಮಾತು ಎತ್ತಲಿಲ್ಲವಂತೆ. ಕತ್ತೆಮರಿ ಗುಡ್ಡನ ಹೊಟ್ಟೆಗೆ ಒರಗಿ ಮಲಗ್ತು, ಈರಕ್ಕನೂ ಬಹಳ ದಿನದ ಮೇಲೆ ಕಾಲು ನೀಡಿ ಮಲಗಿದಳು, ನನ್ನ ಕತೆಯೂ ಅವರ ಪಕ್ಕದಲ್ಲೇ ಮಲಗಿ ಮುಗೀತು.

ಏನು, ಹೂಂ ಅನ್ನಲ್ವಾ? ಅಯ್ಯೋ, ಮಗು ನಿದ್ದೆ ಹೋಗಿದೆ. ನೋಡು, ನಮ್ಮನೆಗೆ ಯಾವ ನಾಯಿ ತರೋಣ ಹೇಳು ಹೇಳು ಅಂತ ಸಂಜೆಯಿಂದ ನನ್ನ ಪ್ರಾಣ ತಿಂದ ಕೂಸು ಇದೇ.